ಬಾಯಿಬಡುಕನ ಬಾಯಿ

ಮಾತು ಬೆಳ್ಳಿ, ಮೌನ ಬ್ಯಾಟರಿ ಡೆಡ್ಡು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ; ಈ ಗಾದೆ ಸುಳ್ಳಾದರೂ ಕತೆ ಮಾತ್ರ ನಿಜ.

ಅಣ್ಣ ಫೋನನ್ನು ಮತ್ತೊಮ್ಮೆ ಒತ್ತಿದ. ಸದ್ದಿಲ್ಲ. ಕೋಣೆಯ ನಡುವೆ ತಮ್ಮನನ್ನು ಮಲಗಿಸಿದ್ದರು, ಮಸಣಕ್ಕೊಯ್ಯುವ ಗಾಡಿ ಬರುವುದಿತ್ತು.

“ಭಾವಾ, ಈಗ ಯಾಕೆ ಅದು? ಒಂಚೂರು ಕಾಫಿ ಕುಡೀರಿ,” ಅಂದಳು ತಮ್ಮನ ಹೆಂಡತಿ.

“ಚಾರ್ಜ್ ಇದೆಯಾ ನೋಡಮ್ಮಾ, ನಂಗೆ ಕಾಣಲ್ವಲ್ಲ. ನಿನ್ನೆಯಿಂದ ಬಾಯಿಬಡುಕ ಬಾಯೇ ಬಿಡ್ತಿಲ್ಲ. ಅವನೂ ಹೋದ, ಇದೂ ಹೋಯ್ತಾ?”

“ಯಾರು ಬಾಯಿಬಡುಕ?” ತಮ್ಮನ ಕಚೇರಿಯ ಗೆಳೆಯ ಪಿಸುಗುಟ್ಟಿದ.

“ನಮ್ಮನೆಯವರು ಮಾಡಿದ ಆ್ಯಪ್ಪು.”

“ನೀರಿನ ಬಿಲ್ ಬರೆಯೋನು ಆ್ಯಪ್ ಯಾವಾಗ ಮಾಡಿದ?”

“ಭಾನುವಾರ. ನೀವೆಲ್ಲ ನಿದ್ದೆ ಹೊಡೀವಾಗ.”

* * *

ಅಣ್ಣ ಗಡಿಯಾರ ರಿಪೇರಿಯವನು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಅಂಗಡಿ ಮುಚ್ಚಿ ಗೋಡೆಗೆ ಮುಖ ಮಾಡಿ ಕೂತ. ಗಡಿಯಾರ ರಿಪೇರಿಯವರದೇ ಒಂದು ಚರ್ಚಾತಾಣ ಇಂಟರ್‌ನೆಟ್ಟಿನಲ್ಲಿತ್ತು. ಆದರೆ ಓದಿ ಹೇಳುವವರು ಬೇಕಲ್ಲ. ತಮ್ಮ ಅದರ ಎಪಿಐ ಹಿಡಿದ. ಹೊರಗಿನ ಆ್ಯಪ್‌ಗಳು ಬಂದು ಮಾತುಕತೆ ಕೊಂಡೊಯ್ಯಲೆಂದು ತಾಣದವರು ತೆರೆದಿಟ್ಟ ಹಿತ್ತಿಲ ಬಾಗಿಲು ಅದು.

“ಎಪಿಐ ಅಂದ್ರೇನೋ?”

“‘ಏನೂ ಪರವಾಗಿಲ್ಲ, ಇಣುಕಿ’ ಅಂತ, ಅಣ್ಣಾ.”

ಬಾಯಿಬಡುಕ ಚರ್ಚೆಗಳನ್ನು ಓದಿ ಹೇಳಿತು. ಅಣ್ಣ ಬಾಯಲ್ಲಿ ಹೇಳಿದ್ದನ್ನು ಬರೆದು ಕಳಿಸಿತು. “ಸ್ಪ್ರಿಂಗ್ ಸುತ್ತುವಾಗ ಮೊದಲು ಕಿವಿ ಕೊಡಿ, ಆಮೇಲೆ ಕೈ.” ಗುರುತಿಲ್ಲದವರು ‘ಗುರುಗಳೇ’ ಅಂದರು. ಅಣ್ಣ ಗೋಡೆ ಬಿಟ್ಟು ಈ ಕಡೆ ತಿರುಗಿದ. ಆ್ಯಪ್‌ನ ಒಳಬರಹವನ್ನು, ಅಂದರೆ ಕೋಡನ್ನು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ತಮ್ಮ ಬಿಚ್ಚಿಟ್ಟ. “ಓಪನ್ ಸೋರ್ಸು. ಸೋರಿದಷ್ಟೂ ಒಳ್ಳೇದು,” ಅಂದ.

* * *

“ಬಾಯಿಬಡುಕನ ಮನೆ ಇದೇನಾ?”

ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಹೆಂಗಸು. ದೂರದ ಊರಿನಿಂದ ಆ ಒಳಬರಹ ತಿದ್ದಲು ನೆರವಾಗುತ್ತಿದ್ದವಳು. ತಮ್ಮನ ಮುಖ ನೋಡಿದ್ದು ಇವತ್ತೇ. ಕಾಲ ಬಳಿ ಹೂವಿಟ್ಟು ಬಂದು ಅಣ್ಣನ ಪಕ್ಕ ಕೂತಳು.

“ನಿನ್ನೆ ತಾಣದೋರು ಹಳೇ ಎಪಿಐ ಮುಚ್ಚಿ ಹೊಸದು ತೆರೆದ್ರು ಸಾರ್. ನಮ್ಮದು ಇನ್ನೂ ಹಳೇ ಬಾಗಿಲು ತಟ್ತಿದೆ.”

“ತಟ್ಟೋನೇ ಹೋದ್ನಲ್ಲಮ್ಮಾ. ಇನ್ಯಾರು ಸರಿ ಮಾಡ್ತಾರೆ?”

“ಎಲ್ಲ ಬಿಚ್ಚಿಟ್ಟೇ ಹೋಗಿದಾರಲ್ಲ. ನಾನಿದೀನಿ. ನಮ್ಮಪ್ಪನಿಗೂ ಇದೇ ಓದಿ ಹೇಳೋದು.”

ಬಸ್ಸಿನಲ್ಲೇ ತಿದ್ದಿ ತಂದದ್ದನ್ನು ಅಣ್ಣನ ಫೋನಿಗೆ ಹಾಕಿದಳು. ಬಂದವರ ಫೋನುಗಳೆಲ್ಲ ಮನೆಯ ನೆಟ್ಟಿಗೆ ಜೋತುಬಿದ್ದಿದ್ದವು. ನೆಟ್ಟು ಉಸಿರುಗಟ್ಟಿ ನಿಂತಿತು. ಫೋನು ಜೋರಾಗಿ ಗಂಟಲು ಸರಿಮಾಡಿಕೊಂಡಿತು:

“ಹ್ಞಂ... ಹ್ಞಂ... ಯಾವನಯ್ಯಾ ನೆಟ್ಟು ನುಂಗಿದೋನು? ನಾನೇನು ಇಲ್ಲಿ ಮುಳ್ಳು ಎಣಿಸ್ತಾ ಕೂತಿರ್ಲಾ?”

ಎಲ್ಲರೂ ಅಣ್ಣನತ್ತ ತಿರುಗಿದರು. ಅದು ಅಣ್ಣನ ದನಿ, ಅಣ್ಣನದೇ ಗೊರಗೊರ. ಆದರೆ ಅಣ್ಣ ತುಟಿ ಬಿಚ್ಚಿರಲಿಲ್ಲ.

“ಕ್ಷಮಿಸಿ ಸಾರ್,” ಅಂದಳು ಲ್ಯಾಪ್‌ಟಾಪಿನವಳು. “ನೆಟ್ ಹೋದಾಗೆಲ್ಲ ಹೀಗೇ ಹೇಳುತ್ತೆ. ನಿಮ್ಮ ತಮ್ಮ ಮಾಡಿದ ನಿಮ್ಮ ಮಿಮಿಕ್ರಿ. ನಿಮ್ಮ ಫೋನಿಗೆ ಮಾತ್ರ ಬರೀ ಬೀಪ್ ಇಟ್ಟಿದ್ರು. ಮರೆತು ನಿಮಗೂ ಎಲ್ಲರ ಫೋನಿಗೆ ಹಾಕೋದನ್ನೇ ಹಾಕ್ಬಿಟ್ಟೆ.”

“ಯಾವಾಗಿಂದ?”

“ಮೊದಲಿಂದ್ಲೂ. ನಮ್ಮಪ್ಪ ಬೇಕಂತ್ಲೇ ನೆಟ್ ಆಫ್ ಮಾಡಿ ಕೇಳ್ತಾರೆ.”

ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. “ನಂಗೆ ಗೊತ್ತಿತ್ತು ಭಾವಾ. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ರು!”

“ಕಳ್ಳ! ಹ್ಞಂ... ಹ್ಞಂ... ನಾನೆಲ್ಲೋ ಹೀಗೆ ಗೊರಗೊರ ಅಂತೀನಿ?” ಅಂದ ಅಣ್ಣ. ಕಚೇರಿಯ ಗೆಳೆಯನಿಗೆ ತಡೆಯಲಾಗಲಿಲ್ಲ. ನಗು ಬಾಗಿಲಾಚೆಯ ಕುರ್ಚಿಗಳ ತನಕ ಹಬ್ಬಿತು.

ಅಷ್ಟರಲ್ಲಿ ನೆಟ್ಟು ಬಂತು. ಬಾಯಿಬಡುಕ ಓದತೊಡಗಿತು: “ಗುರುಗಳೇ, ಲೋಲಕ ಅರ್ಧಕ್ಕೇ ನಿಲ್ಲುತ್ತಿದೆ, ಏನು ಮಾಡಲಿ?”

“ಅವರು ಸ್ವಲ್ಪ ಕಾಯ್ಲಿ,” ಅಂದ ಅಣ್ಣ. ತಡವರಿಸಿಕೊಂಡು ತಮ್ಮನ ತಲೆದೆಸೆಗೆ ಬಂದು ಕೂತು, ಫೋನನ್ನು ಲ್ಯಾಪ್‌ಟಾಪಿನವಳತ್ತ ಚಾಚಿದ. “ಇನ್ನೊಂದ್ಸಲ ನೆಟ್ ಆಫ್ ಮಾಡಮ್ಮಾ.”

ಅವಳು ಆಫ್ ಮಾಡಿದಳು. “ಹ್ಞಂ... ಹ್ಞಂ... ಯಾವನಯ್ಯಾ,” ಅಂದಿತು ಫೋನು. ಒಂದು ಕೈ ತಮ್ಮನ ತಣ್ಣನೆ ಹಣೆಯ ಮೇಲಿಟ್ಟುಕೊಂಡು, ಅಣ್ಣ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.