ಒಗೆಯೋದು ಯಾರು?

ಸೋಫಾ ಕವರ್ ಹೊಲಿಯುವವಳ ಕೈಗೆ ಎಂಥ ಬಟ್ಟೆಯೂ ಬಗ್ಗುತ್ತದೆ. ಜಂಬ ಅಂದರೆ ಅನ್ನಿ. ಕಾಲು ಮುರಿದ ಹಳೇ ದಿವಾನಕ್ಕೂ ಒಂದು ಸುಕ್ಕಿಲ್ಲದ ಹಾಗೆ ಕವರ್ ತೊಡಿಸುವ ನನಗೆ, ಹೆತ್ತ ತಾಯಿಯ ಸೊಂಟಕ್ಕೊಂದು ಬಟ್ಟೆ ಹೊಲಿಯುವುದು ಯಾವ ಮಹಾ ಕೆಲಸ ಅಂತ ಶುರುಮಾಡಿದವಳು ನಾನು.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮ ಮನೆಗೇ ಬಂದಳು. ಬಂದಳೇನು, ನಾನೂ ನನ್ನ ಗಂಡನೂ ಕುರ್ಚಿಯಲ್ಲಿ ಕೂರಿಸಿ ಮೂರನೇ ಮಹಡಿಗೆ ಹೊತ್ತು ತಂದೆವು. ಲಿಫ್ಟ್ ರಿಪೇರಿ ಮಾಡುವವನ ಮನೆಗೇ ಲಿಫ್ಟ್ ಇಲ್ಲ ಅಂತ ಇಡೀ ಬೀದಿ ನಕ್ಕಾಗಿದೆ, ನೀವೂ ನಕ್ಕುಬಿಡಿ. ಕಿಟಕಿ ಪಕ್ಕಕ್ಕೆ ಅವಳ ಮಂಚ ಹಾಕಿದೆವು. ದಿಂಬು ಕೊಟ್ಟರೆ ಕೂರುತ್ತಿದ್ದಳು, ಕೈ ಆಡುತ್ತಿತ್ತು, ಬಾಯಂತೂ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಆದರೆ ಸೊಂಟದ ಕೆಳಗೆ ಅವಳ ಮಾತು ನಡೆಯುತ್ತಿರಲಿಲ್ಲ. ಮೂತ್ರ ಹೋದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮೆಡಿಕಲ್ ಶಾಪಿನಿಂದ ದೊಡ್ಡವರ ಡೈಪರ್ ತಂದು ಹಾಕುತ್ತಿದ್ದೆವು.

ಆ ಡೈಪರ್ ಅವಳ ಮೈಗೆ ಆಗಿಬರಲಿಲ್ಲ. ತೊಡೆಸಂದಿಯೆಲ್ಲ ಬೆಂದ ಹಾಗೆ ಕೆಂಪಗಾಯಿತು. ಮುಲಾಮು ಹಚ್ಚಿದರೆ ಎರಡು ದಿನ ವಾಸಿ, ಮತ್ತೆ ಅದೇ ಪಾಡು. ಮಗ್ಗುಲು ಹೊರಳಿಸುವಾಗ ಅವಳು ತುಟಿ ಕಚ್ಚಿಕೊಳ್ಳುತ್ತಿದ್ದಳು. ಸಾಲದ್ದಕ್ಕೆ ಕಾಲೇಜಿಗೆ ಹೋಗುವ ನನ್ನ ಮಗಳ ಉಪದೇಶ ಬೇರೆ.

"ಅಮ್ಮಾ, ಇವು ನನ್ನ ಮೊಮ್ಮಕ್ಕಳ ಕಾಲಕ್ಕೂ ಕೊಳೆಯಲ್ಲ, ಗೊತ್ತಾ? ಬಟ್ಟೇದು ಮಾಡ್ಬಹುದು, ಒಗೆದು ಒಗೆದು ಹಾಕೋದು."

"ಮೊದ್ಲು ನೀನು ತಿಂದ ತಟ್ಟೆ ತೊಳಿ. ಆಮೇಲೆ ಭೂಮಿ ಉಳಿಸುವಿಯಂತೆ," ಅಂದೆ. ಅಂದರೂ ಮಾತು ತಲೆಯಲ್ಲಿ ಕೂತಿತು.

ಆ ಭಾನುವಾರವೇ ಹೊಲಿಗೆ ಮೆಷಿನ್ ಮುಂದೆ ಕೂತೆ. ಮೈಗೆ ತಾಗುವ ಕಡೆ ಮೆತ್ತನೆಯ ಫ್ಲಾನೆಲ್, ನಡುವೆ ಹಳೇ ಟವೆಲಿನ ಪದರ, ಹೊರಗೆ ತೋಟದ ಕುರ್ಚಿಯ ದಿಂಬಿಗೆ ಹಾಕುವ ನೀರಿಳಿಯದ ಬಟ್ಟೆ. ಹೊಲಿಗೆ ಚುಚ್ಚಬಾರದೆಂದು ಅಂಚನ್ನೆಲ್ಲ ಹೊರಕ್ಕೆ ತಿರುಗಿಸಿದೆ. ಪಕ್ಕಕ್ಕೆ ಒತ್ತುಗುಂಡಿ. ಮೊದಲನೆಯದನ್ನು ಅಮ್ಮನಿಗೆ ತೊಡಿಸಿದಾಗ ನನ್ನ ಗಂಡ ಬಾಗಿಲಾಚೆಯಿಂದಲೇ ಕೂಗಿದ:

"ಅತ್ತೇ, ಕೊನೆಗೂ ನಿಮಗೂ ಕವರ್ ಹಾಕಿಬಿಟ್ಲಲ್ಲ! ಇನ್ನು ಧೂಳು ಕೂರಲ್ಲ ಬಿಡಿ."

ಅಮ್ಮ ನಗಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಒಗೆಯೋದು ಯಾರು?" ಅಂದಳು.

"ಇನ್ಯಾರು, ನಾನು."

"ಬೇಡ್ವೇ. ಅದೇ ಇರ್ಲಿ. ಅದಾದ್ರೆ ಬಿಸಾಡೋದು."

"ಬೆಂದು ಹೋಗಿದೆ ನಿನ್ನ ಮೈ. ಸುಮ್ನಿರು."

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಅವಳು ಬದುಕಿನುದ್ದಕ್ಕೂ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಯಾರ್‍ಯಾರದೋ ರಕ್ತ, ವಾಂತಿ, ಹೇಲು, ಉಚ್ಚೆ ಎಲ್ಲ ಅವಳ ಕೈ ಹಾದು ಹೋಗಿದೆ. ಒಂದು ದಿನವೂ ಅಸಹ್ಯಪಟ್ಟವಳಲ್ಲ. ಆದರೆ ತನ್ನ ಒಳಬಟ್ಟೆಯನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟವಳೂ ಅಲ್ಲ. ನನ್ನ ತಮ್ಮನನ್ನು ಹೆತ್ತ ಹಸಿಮೈಯಲ್ಲೇ ಎದ್ದು ಹೋಗಿ ತನ್ನದನ್ನು ತಾನೇ ಒಗೆದುಕೊಂಡಳಂತೆ. ಅಜ್ಜಿ ಎಷ್ಟು ಬೈದರೂ ಕೇಳಲಿಲ್ಲವಂತೆ. "ಇನ್ನೊಬ್ಬರ ಹೊಲಸು ನಾನು ಒಗೆದ್ರೆ ಅದು ಕೆಲಸ. ನನ್ನ ಹೊಲಸು ಇನ್ನೊಬ್ಬರು ಒಗೆದ್ರೆ ಅದು ಪಾಪ," ಅನ್ನುವುದು ಅವಳ ಕಾನೂನು. ಅವಳ ಕಾನೂನನ್ನು ನಾನು ಯಾವತ್ತು ಕಿವಿಯ ಮೇಲೆ ಹಾಕಿಕೊಂಡಿದ್ದೆ, ಈಗ ಹಾಕಿಕೊಳ್ಳಲು?

ಒಗೆಯುವ ಕಲ್ಲು ಅವಳ ಮಂಚಕ್ಕೆ ನೇರ ಕಾಣುತ್ತಿತ್ತು. ವಾಷಿಂಗ್ ಮೆಷಿನ್‌ಗೆ ಹಾಕುವ ಮುಂಚೆ ಒಮ್ಮೆ ಕೈಯಲ್ಲಿ ಉಜ್ಜಲೇಬೇಕು. ಮೊದಮೊದಲು ಅಲ್ಲಿಂದಲೇ ಯಜಮಾನಿಕೆ ಮಾಡಿದಳು. "ಮೊದ್ಲೇ ಬಿಸಿನೀರು ಹುಯ್ಬೇಡ, ಕಲೆ ಕೂತ್ಬಿಡತ್ತೆ. ತಣ್ಣೀರಲ್ಲಿ ನೆನೆಸು. ಅಷ್ಟೊಂದು ಸೋಪು ಯಾಕೆ, ಬಟ್ಟೆಗೆ ಮದುವೆನಾ?" ಅಂತೆಲ್ಲ. ದಿನ ಕಳೆದ ಹಾಗೆ ಮಾತು ನಿಂತಿತು. ನಾನು ಬಗ್ಗಿ ಉಜ್ಜುತ್ತಿದ್ದರೆ ಗೋಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ಕೈ ಹಿಡಿದು, ಸೋಪಿಗೆ ಬಿರಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು. "ಸೂಜಿ ಹಿಡಿಯೋ ಕೈ," ಅಂದಳು, ಅಷ್ಟೇ. ನನಗೆ ಹೊಲಿಗೆ ಅಂಗಡಿಗೆ ಹೊತ್ತಾಗಿತ್ತು, ಕೈ ಎಳೆದುಕೊಂಡು ಓಡಿದೆ.

ಬಟ್ಟೆ ಗೆದ್ದಿತು. ಅಮ್ಮನ ತೊಡೆಯ ಉರಿ ಇಳಿದು ಚರ್ಮ ಮೊದಲಿನಂತಾಯಿತು. ಅದಕ್ಕಿಂತ ಹೆಚ್ಚಿನ ಬೆರಗೆಂದರೆ, ಬಿಚ್ಚಿ ನೋಡಿದರೆ ಬಟ್ಟೆ ಹೆಚ್ಚು ಒದ್ದೆಯೇ ಆಗಿರುತ್ತಿರಲಿಲ್ಲ. ಕೆಲವು ಸಲ ಪೂರ್ತಿ ಒಣ. ಒಗೆಯುವ ರಾಶಿ ದಿನೇ ದಿನೇ ಕರಗುತ್ತ ಬಂತು. ನನ್ನ ಹೊಲಿಗೆಯ ಮಹಿಮೆ ಅಂದುಕೊಂಡೆ. ಪ್ಲಾಸ್ಟಿಕ್ ತೆಗೆದದ್ದೇ ಅಮ್ಮನಿಗೆ ಹಿಡಿತ ಬರುತ್ತಿದೆ, ನಾಳೆ ಎದ್ದು ನಡೆದರೂ ನಡೆದಾಳು ಅಂತ ಅಂಗಡಿಯಲ್ಲಿ ಕೊಚ್ಚಿಕೊಂಡೆ. ನನ್ನ ಪಕ್ಕ ಪರದೆ ಹೊಲಿಯುವ ದಪ್ಪಕ್ಕ ತನ್ನ ಮಾವನಿಗೂ ನಾಲ್ಕು ಹೊಲಿದುಕೊಡು ಅಂತ ಗಂಟುಬಿದ್ದಳು.

ಆಮೇಲೆ ಅಮ್ಮನಿಗೆ ತೂಕಡಿಕೆ ಹೆಚ್ಚಾಯಿತು. ಮಾತು ಮಾತಿನ ನಡುವೆ ಕಣ್ಣು ಮುಚ್ಚುವಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನನ್ನ ಮಗಳನ್ನು ನನ್ನ ಹೆಸರು ಹಿಡಿದು ಕರೆದಳು. ಸೆಕೆಗಾಲ, ವಯಸ್ಸು ಬೇರೆ ಅಂದ ನನ್ನ ಗಂಡ. ನಾನೂ ಹೂಂ ಅಂದೆ. ಅವಳ ಪಕ್ಕ ನೀರಿನ ಜಗ್ಗು ಇಟ್ಟು ಹೋಗುತ್ತಿದ್ದೆ, ಸಂಜೆ ಬರುವಷ್ಟರಲ್ಲಿ ಖಾಲಿ. ಚಹಾ ಲೋಟವೂ ಖಾಲಿ. ಚೆನ್ನಾಗಿ ಕುಡಿಯುತ್ತಿದ್ದಾಳಲ್ಲ, ಇನ್ನೇನು ಭಯ ಅಂತ.

ಅಷ್ಟರಲ್ಲಿ ಕೆಳಗಿನ ಮನೆಯವಳು ಜಗಳಕ್ಕೆ ಬಂದಳು. ಬಾಗಿಲು ತೆರೆದದ್ದೇ ತಡ, "ನಿಮ್ಮ ಬಟ್ಟೆ ನೀರು ನಮ್ಮ ಕಿಟಕಿ ಮೇಲೆ ಸುರೀತಿದೆ. ಅದೂ ಎಂಥ ಬಟ್ಟೆ ಅಂತ ನನಗೆ ಗೊತ್ತಿಲ್ವಾ? ಥೂ!" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಬಟ್ಟೆ ಮೆಷಿನ್‌ನಲ್ಲಿ ಹಿಂಡಿ ಒಣಹಾಕೋದು. ಒಂದು ತೊಟ್ಟು ಬೀಳಲ್ಲ. ನಿಮ್ಮ ಕಣ್ಣು ತೋರಿಸ್ಕೊಳ್ಳಿ ಡಾಕ್ಟ್ರಿಗೆ!"

"ಓಹೋ! ಹಗ್ಗದ ಮೇಲೆ ಒಂದು ಬಟ್ಟೆ ಇಲ್ದಿದ್ರೂ ಬೀಳತ್ತಲ್ಲ, ಅದೇನು ದೇವರ ತೀರ್ಥನಾ? ಒಂದೊಂದ್ಸಲ ನೀರು, ಒಂದೊಂದ್ಸಲ ಚಹಾ. ನನ್ನ ಬಿಳೀ ಪರದೆ ನೋಡ್ಬನ್ನಿ, ಚಹಾದ ಕಲೆ!"

ಚಹಾ ಅಂದದ್ದೇ ದಿನಾ ಖಾಲಿಯಾಗುತ್ತಿದ್ದ ಅಮ್ಮನ ಲೋಟ ನೆನಪಾಯಿತು. ತಿರುಗಿ ನೋಡಿದೆ. ಅಮ್ಮ ಕಿಟಕಿ ಪಕ್ಕ ಕೂತು, ಕಳ್ಳಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು.

ಕೆಳಗಿನವಳನ್ನು ಹೇಗೆ ಕಳಿಸಿದೆನೋ ನೆನಪಿಲ್ಲ. ಅಮ್ಮನ ಮುಂದೆ ನಿಂತು ಕೇಳಿದೆ. "ನೀರು ಕುಡೀದೆ ಕಿಟಕಿಯಿಂದ ಚೆಲ್ತಾ ಇದ್ದೀಯಾ?"

ಅವಳು ಸೆರಗಿನ ಅಂಚು ಮಡಿಸುತ್ತ ಕೂತಳು.

"ಬಾಯಿ ಬಿಡಮ್ಮ!"

"ನಾಲಿಗೆ ನೆನೆಯೋಷ್ಟು ಕುಡೀತೀನಲ್ಲ," ಅಂದಳು ಮೆಲ್ಲಗೆ. "ಕುಡಿದ್ರೆ ಹೋಗತ್ತೆ. ಹೋದ್ರೆ ನೀನು ಒಗೀಬೇಕು. ಒಬ್ಬಳಿಗೆ ಎಷ್ಟು ಕೆಲಸ ಅಂತ ನನಗೆ ಕಾಣಲ್ವಾ? ನಾನು ಒಗೆದಿದ್ದೀನಮ್ಮ, ನನಗೆ ಗೊತ್ತು ಅದೇನು ಅಂತ. ನನ್ನ ಮಗಳ ಕೈಗೆ ಅದನ್ನ ಹಚ್ಚಲ್ಲ."

ನನಗೆ ಅಳು ಬರಲಿಲ್ಲ, ಕೋಪ ಬಂತು. ಸುಡುವಂಥ ಕೋಪ. ದರಿದ್ರ ಮಾನ, ಹಾಳಾದ ಸ್ವಾಭಿಮಾನ, ಸಾಯಿ ಹಾಗೇ ಅಂತ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಹೊಲಿದ ಬಟ್ಟೆಯನ್ನೆಲ್ಲ ಬಾಚಿ ಕಸದ ಚೀಲಕ್ಕೆ ತುರುಕಿದೆ. ಮೆಟ್ಟಿಲಿಳಿದು ಓಡಿ ಹೋಗಿ ಡೈಪರ್ ಪ್ಯಾಕೆಟ್ ತಂದು ಅವಳ ಮಡಿಲಿಗೆ ಹಾಕಿದೆ. "ನೋಡು. ಬಿಸಾಡೋದು. ಯಾರೂ ಒಗೆಯಲ್ಲ. ಈಗಾದ್ರೂ ಕುಡಿ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಪ್ಯಾಕೆಟ್ಟಿನ ಮೇಲೆ ಕೈಯಾಡಿಸಿದಳು. ಮುಖ ಸಡಿಲವಾಯಿತು. ಲೋಟ ಎತ್ತಿ ಗಟಗಟ ಕುಡಿದಳು, ಇನ್ನೊಂದು ಕೇಳಿದಳು. ಉರಿದ ಮೈಗೆ ಮತ್ತೆ ಉರಿಯಾದರೂ ಆಗಲಿ, ಬದುಕಿಕೊಂಡಳು ಅಂದುಕೊಂಡೆ.

ಮಾರನೇ ದಿನ ಡೈಪರ್ ಬಿಚ್ಚಿದರೆ ಒಣ. ಸಂಜೆಗೂ ಒಣ. ಕಾಲು ಊದಿಕೊಂಡಿತ್ತು, ಮೈ ಕೆಂಡವಾಗಿತ್ತು. ಮತ್ತೆ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದೆವು.

ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದವರು. ನನ್ನನ್ನು ಕೂರಿಸಿ ಹೇಳಿದರು. ಮೈಯಲ್ಲಿ ನೀರಿಲ್ಲದೆ ಒಣಗಿತ್ತು, ಅದರ ಮೇಲೆ ಸೋಂಕು ಹತ್ತಿದೆ, ಎರಡು ಕಿಡ್ನಿಯೂ ನಿಂತುಹೋಗಿವೆ. ಡಯಾಲಿಸಿಸ್ ತಡೆಯುವ ಹೃದಯ ಅಲ್ಲ ಅವರದು.

"ಹಾಗಾದ್ರೆ ನೀರು ಜಾಸ್ತಿ ಕುಡಿಸ್ಲಾ? ಈಗ ಕುಡೀತಾಳೆ ಡಾಕ್ಟ್ರೇ, ಕೊಟ್ಟಷ್ಟೂ ಕುಡೀತಾಳೆ," ಅಂದೆ.

"ಇಲ್ಲಮ್ಮ. ಈಗ ನೀರು ಹೊರಗೆ ಹೋಗೋ ದಾರಿ ಇಲ್ಲ. ಕುಡಿಸಿದ್ದೆಲ್ಲ ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟತ್ತೆ. ತುಟಿ ಒದ್ದೆ ಮಾಡಿ, ಅಷ್ಟೇ. ಎಷ್ಟು ಕೇಳಿದ್ರೂ ಕೊಡ್ಬೇಡಿ."

ಎಷ್ಟು ಕೇಳಿದಳು! ಜನ್ಮದಲ್ಲಿ ನನ್ನ ಹತ್ತಿರ ಏನನ್ನೂ ಕೇಳದವಳು ಆ ವಾರ್ಡಿನಲ್ಲಿ ಮಲಗಿ ನೀರು, ನೀರು ಅಂತ ಬಾಯಿ ಬಾಯಿ ಬಿಟ್ಟಳು. ಪಕ್ಕದ ಮಂಚದವರ ಬಾಟಲಿಯತ್ತ ಕೈ ಚಾಚಿದಳು. ನಾನು ತುಟಿಗೆ ಎರಡು ಹನಿ ಹಚ್ಚಿದರೆ ನನ್ನ ಬೆರಳನ್ನೇ ಚೀಪಿದಳು. ನನ್ನ ಗಂಡ ನೋಡಲಾರದೆ ವರಾಂಡಕ್ಕೆ ಹೋದ. ಡಾಕ್ಟರು ಹೇಳಿದ್ದನ್ನು ನಾನು ಅವಳ ಕಿವಿಯಲ್ಲಿ ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹತ್ತಲಿಲ್ಲ. ಯಾಕೆ ಕೊಡುತ್ತಿಲ್ಲ ಅನ್ನುವುದಕ್ಕೆ ಅವಳಿಗೆ ತೋಚಿದ್ದು ಒಂದೇ ಕಾರಣ.

ನನ್ನ ಮಣಿಕಟ್ಟು ಹಿಡಿದುಕೊಂಡು, ಮಕ್ಕಳು ಗೋಗರೆಯುವ ಹಾಗೆ ಸಣ್ಣ ದನಿಯಲ್ಲಿ ಅಂದಳು:

"ಒಂದೇ ಲೋಟ ಕೊಡೇ. ನಾನೇ ಒಗ್ಕೊಳ್ತೀನಿ."