ಪಾಲಿಮರ್ ಚೆಲ್ಲಿದ ನೆಲ

ನನ್ನ ಬಾಯಿ ಕೆಟ್ಟದ್ದು, ಒಪ್ಪಿದೆ. ಆದರೆ ಹೊನ್ನಾಳಿಯ ಹೊರಗಿನ ನಮ್ಮ ಕೊಳಚೆ ನೀರಿನ ಘಟಕದಲ್ಲಿ ಕೆಲಸ ಮಾಡಿ ನೋಡಿ, ನಿಮ್ಮ ಬಾಯೂ ಕೆಡುತ್ತದೆ. ಅಲ್ಲಿ ಕೆಸರಿಗೆ ಪಾಲಿಮರ್ ಹಾಕುತ್ತೇವೆ. ಸಕ್ಕರೆಯಂಥ ಬಿಳಿ ಪುಡಿ. ನೀರಲ್ಲಿ ಕಲಸಿ ಬಿಟ್ಟರೆ ಕೆಸರು ಗಡ್ಡೆಗಟ್ಟಿ ನೀರು ಬಿಡುತ್ತದೆ, ಆಮೇಲೆ ಮಷೀನಿನಲ್ಲಿ ಹಿಂಡುವುದು ಸುಲಭ. ಅದೇ ಪುಡಿ ನೆಲಕ್ಕೆ ಬಿದ್ದು ನೀರು ತಾಗಿತೋ, ಮುಗಿಯಿತು. ಆ ಲೋಳೆಯ ಮೇಲೆ ಇರುವೆಯೂ ನಿಲ್ಲಲಾರದು. ಅದಕ್ಕೇ ಚೆಲ್ಲಿದ್ದನ್ನು ಒಣಗಿರುವಾಗಲೇ ಗುಡಿಸಬೇಕು. ಕಸ ಗುಡಿಸುವ ದುರುಗಮ್ಮನಿಗೆ ಇದನ್ನು ಬೈದು ಬೈದು ಕಲಿಸಿದ್ದೆ.

ಆಯುಧಪೂಜೆಯ ಸಂಜೆ ಮಷೀನಿಗೆ ಕುಂಕುಮ ಹಚ್ಚಿ ದೀಪ ಇಟ್ಟಿದ್ದೆವು. ಬೂದುಗುಂಬಳ ತರುವ ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ಪಾಲಿಮರ್ ಚೀಲ ಮಗುಚಿತು.

"ದುರುಗಮ್ಮ, ಗುಡಿಸಿಬಿಡವ್ವ," ಎಂದೆ.

"ದೀಪ ಹಚ್ಚಿದ ಮ್ಯಾಲೆ ಪೊರಕೆ ಹಿಡಿಯಾಕೆ ಆಗ್ತೈತಾ ಮಾಲತೇಶಣ್ಣ? ಲಕ್ಷ್ಮಿ ಹೊರಗೆ ಹೋಗ್ತಾಳೆ," ಎಂದವಳೇ, ನಾನು "ಏಯ್!" ಎನ್ನುವಷ್ಟರಲ್ಲಿ ಒಂದು ಬಿಂದಿಗೆ ನೀರು ಸುರಿದಳು.

ಅವಳ ಗಂಡ ಜುಂಜಪ್ಪ, ನಮ್ಮ ಆಪರೇಟರ್, ಮಷೀನಿನ ಆಚೆಯಿಂದ ಮಂಗಳಾರತಿ ತಟ್ಟೆ ಹಿಡಿದು ಬಂದ. ಒಂದೇ ಹೆಜ್ಜೆ. ಅವನ ಬೆನ್ನು ಕಬ್ಬಿಣದ ಮೆಟ್ಟಿಲಿಗೆ ಬಡಿದ ಸದ್ದಿದೆಯಲ್ಲ, ಅಯ್ಯೋ, ಯಾರ ಕಿವಿಗೂ ಬೇಡ. ಅವನಿಗೆ ಎಚ್ಚರ ತಪ್ಪಿತ್ತು; ಎತ್ತಲು ಹೋದ ನಾನೂ ಬಿದ್ದೆ. ಗಾಬರಿಯಲ್ಲಿ ದುರುಗಮ್ಮ ಲೋಳೆ ತೊಳೆಯಲೆಂದು ಇನ್ನೊಂದು ಬಿಂದಿಗೆ ಸುರಿದಳು. ಕೊನೆಗೆ ಮರಳು ಎರಚಿ ಅವನನ್ನು ಹೊತ್ತೆವು.

ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದರು ಶಿವಮೊಗ್ಗದ ಡಾಕ್ಟರು. ಜುಂಜಪ್ಪ ಸೂರು ನೋಡುತ್ತ ಮಲಗಿದ್ದ. ಆಮೇಲೆ ಕೇಳಿದ:

"ಅಲ್ಲಿ ನೀರು ಹಾಕ್ದೋರು ಯಾರು?"

ದುರುಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನು ಮೇಲೆ ಅವನನ್ನು ಎತ್ತಿ ಕೂರಿಸುವವಳು, ಉಣಿಸುವವಳು, ಮೈ ತೊಳೆಯುವವಳು ಇವಳೇ. ಹೇಳಿಬಿಟ್ಟರೆ ಇಬ್ಬರೂ ಒಂದೇ ಸೂರಿನಡಿ ಹೇಗೆ ಬದುಕುತ್ತಾರೆ?

"ನಾನೇ ಕಣೋ," ಎಂದೆ.

"ನನ್ನ ಕಣ್ಣೆದುರು ನಿಲ್ಲಬ್ಯಾಡ. ಹೋಗು," ಎಂದು ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ದುರುಗಮ್ಮ ನನ್ನನ್ನೇ ನೋಡಿದಳು. ಕಣ್ಣಲ್ಲೇ ಕೈ ಮುಗಿಯುತ್ತಾಳೆ ಅಂದುಕೊಂಡೆ, ಎಂಥ ದಡ್ಡ ನಾನು!

"ನಿನ್ನ ಮನೆ ಹಾಳಾಗ!" ಎಂದು ವಾರ್ಡೆಲ್ಲ ಕೇಳುವಂತೆ ಚೀರಿದಳು. "ನೀರು ತಾಗಬಾರ್ದು ಅಂತ ಗೊತ್ತಿದ್ದೂ ಹಾಕಿದೆಲ್ಲೋ! ನನ್ನ ಗಂಡನ ಕಾಲು ತಿಂದೆಲ್ಲೋ!"

ಎದೆ ಬಡಿದುಕೊಂಡು ಅದನ್ನೇ ಹೇಳಿದಳು. ಹೇಳುತ್ತ ಹೇಳುತ್ತ ಅವಳೂ ಅದನ್ನು ನಂಬಿಬಿಟ್ಟಳು. ನಾನು ಬಾಗಿಲು ದಾಟುವಾಗ ಜುಂಜಪ್ಪ ಅವಳ ಕೈ ಹಿಡಿದು ಸಮಾಧಾನ ಮಾಡುತ್ತಿದ್ದ.