ಅಕ್ಕ ಕಲಿಸಿದ ಉಸಿರು

ನಮ್ಮ ಪ್ರಾರ್ಥನಾ ಮಂದಿರದ ಹಾಡು ನಡುವೆ ಎಲ್ಲೂ ಕಡಿಯುವುದಿಲ್ಲ. ಹೊರಗಿನವರು ಮೊದಲ ಸಲ ಕೇಳಿದಾಗ ತಲೆಯೆತ್ತಿ ಸುತ್ತ ನೋಡುತ್ತಾರೆ. ಇಷ್ಟು ಜನರಲ್ಲಿ ಯಾರಿಗೂ ಉಸಿರು ಬೇಡವೇ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತದೆ. ಬಸ್ ಓಡಿಸುವವರು, ಬಟ್ಟೆ ಹೊಲಿಯುವವರು, ಆಸ್ಪತ್ರೆಯ ಪಾಳಿ ಮುಗಿಸಿ ಬಂದವರು, ಇವರೇ ನಮ್ಮ ಹಾಡುಗಾರರು. ಸಂಗೀತ ಓದಿದವರು ಒಬ್ಬರೂ ಇಲ್ಲ. ಇವರಿಗೆ ಹಾಡು ಕಲಿಸಿದ್ದು ನನ್ನ ಹೆಂಡತಿ, ಹಳೆಯ ಕಂಪ್ಯೂಟರೊಂದರಲ್ಲಿದ್ದ ತನ್ನ ದನಿಯ ಮೂಲಕ.

ಆ ದನಿಯನ್ನು ಅದರೊಳಗೆ ಸೇರಿಸಿದವನು ಅವಳ ತಮ್ಮ, ನನ್ನ ಭಾವಮೈದುನ. ಪದವನ್ನೂ ಸ್ವರವನ್ನೂ ಬರೆದುಕೊಟ್ಟರೆ ಹಾಡುವ ತಂತ್ರಾಂಶವೊಂದನ್ನು ಅವನು ಆ ಕಾಲಕ್ಕೇ ಬರೆದಿದ್ದ. ಅದಕ್ಕಾಗಿ ಒಂದೊಂದು ಅಕ್ಷರವನ್ನೂ ಮೇಲಿನ, ನಡುವಿನ, ಕೆಳಗಿನ ದನಿಯಲ್ಲಿ ಬಿಡಿಬಿಡಿಯಾಗಿ ಹಾಡಿಕೊಡಬೇಕಿತ್ತು. ನಮ್ಮ ಮನೆಯಲ್ಲಿ ದನಿ ಮಾರ್ದನಿಸದ ಜಾಗವೆಂದರೆ ಬಟ್ಟೆಯ ಬೀರು ಒಂದೇ. ಅವಳು ಅದರ ಬಾಗಿಲು ತೆರೆದು, ಕೋಟುಗಳ ನಡುವೆ ತಲೆ ತೂರಿಸಿ ನಿಂತು ಹಾಡಿದಳು. ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸದೆ, ಕೆಮ್ಮು ಬಂದರೆ ಬಾಯಿಗೆ ಟವೆಲು ಒತ್ತಿಕೊಂಡು ಕೂತಿರುತ್ತಿದ್ದೆ. ಅವಳು "ಮಾ" ಎನ್ನುವಾಗ ಹ್ಯಾಂಗರೊಂದು ಟಣ್ ಎಂದದ್ದು ಹಾಗೆಯೇ ಉಳಿದುಹೋಯಿತು. ಆಮೇಲೆ ಯಾವ ಹಾಡಿನಲ್ಲಿ ಆ ಅಕ್ಷರ ಬಂದರೂ ಟಣ್. ನಮ್ಮ ಬಸ್ ಡ್ರೈವರು ಅದನ್ನೂ ಹಾಡಿನ ಭಾಗವೆಂದೇ ತಿಳಿದು ಅಲ್ಲಿಗೆ ಬಂದಾಗ ಕೀಲಿಗೊಂಚಲು ಆಡಿಸುತ್ತಿದ್ದ. ಅವಳು ಬೇಡವೆನ್ನಲಿಲ್ಲ.

ಪಾಳಿಯ ಜನಕ್ಕೆ ಒಟ್ಟಿಗೆ ಸೇರಿ ಅಭ್ಯಾಸ ಮಾಡಲು ಪುರುಸೊತ್ತಿಲ್ಲ. ವಾರದ ಹಾಡನ್ನು ಅವಳು ಕಂಪ್ಯೂಟರಿಗೆ ಬರೆದು, ಅದು ಹಾಡಿದ್ದನ್ನು ಎಲ್ಲರ ಫೋನಿಗೂ ಕಳಿಸುತ್ತಿದ್ದಳು. ಅವರು ಡಿಪೋದಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಕೇಳಿ ಕಲಿಯುತ್ತಿದ್ದರು. ಭಾವಮೈದುನ ಅದಕ್ಕೆ ಅಕ್ಕ ಎಂದೇ ಹೆಸರಿಟ್ಟಿದ್ದ. ಅವಳಿಗಿಂತ ಹಿರಿಯರಾದ ಹೆಂಗಸರೂ "ಅಕ್ಕನ ಹತ್ತಿರ ಪಾಠ ಆಯ್ತು" ಎನ್ನುತ್ತಿದ್ದರು. ಊರಿಗೆಲ್ಲ ಅಕ್ಕ, ನನಗೊಬ್ಬನಿಗೆ ಮಾತ್ರ ಅಲ್ಲ ಎಂದು ನಾನು ನಗಾಡುತ್ತಿದ್ದೆ.

ಭಾವಮೈದುನ ಒಂದು ಎಡವಟ್ಟು ಮಾಡಿದ್ದ. ಅವಳು ಎಳೆದುಕೊಂಡ ಉಸಿರನ್ನೆಲ್ಲ ಕಸವೆಂದು ಕತ್ತರಿಸಿ ಹಾಕಿದ್ದ. ಹೀಗಾಗಿ ಅಕ್ಕ ಉಸಿರಾಡುವುದಿಲ್ಲ; ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಎಳೆ. ನಮ್ಮ ಜನ ಹಾಡೆಂದರೆ ಹೀಗೇ ಇರಬೇಕೆಂದುಕೊಂಡರು. ಮೊದಲ ಪ್ರಾರ್ಥನೆಯಲ್ಲಿ ಹೊಲಿಗೆಯಮ್ಮ ಮುಖ ಕೆಂಪಾಗಿ ಬೆಂಚಿನ ಮೇಲೆ ಕುಸಿದರು. ನೀರು ಕುಡಿದು, "ಅಕ್ಕನಿಗೆ ಆಗುತ್ತೆ, ನಮಗ್ಯಾಕೆ ಆಗಲ್ಲ" ಎಂದು ಮತ್ತೆ ಎದ್ದು ನಿಂತರು. ಆ ಉತ್ಸಾಹಕ್ಕೆ ತಣ್ಣೀರು ಎರಚಲು ನನ್ನ ಹೆಂಡತಿಗೆ ಮನಸ್ಸಾಗಲಿಲ್ಲ. ಎಲ್ಲರನ್ನೂ ಜೋಡಿ ಜೋಡಿಯಾಗಿ ನಿಲ್ಲಿಸಿದಳು. ಒಬ್ಬರು ಉಸಿರೆಳೆಯುವಾಗ ಪಕ್ಕದವರು ದನಿ ಹಿಡಿದಿರಬೇಕು. ಪಕ್ಕದವರ ತೋಳು ಏರಿದ್ದು ನಮ್ಮ ತೋಳಿಗೆ ತಾಗಿದರೆ, ನಾವು ಉಸಿರೆಳೆಯದೆ ಕಾಯಬೇಕು. ಹಾಡು ಕಡಿಯದಿರುವುದರ ಗುಟ್ಟು ಇಷ್ಟೇ. ನನ್ನ ಜೋಡಿ ಅವಳೇ ಆಗಿದ್ದಳು.

ಅವಳು ಹೋಗಿ ವರ್ಷವಾಗುತ್ತ ಬಂದಿತ್ತು. ದೇವರ ಮೇಲೆ ನನಗೆ ಮುನಿಸಿಲ್ಲ. ಕೇಳುವುದೇನಿದ್ದರೂ ಬೆಳಗಿನ ಪ್ರಾರ್ಥನೆಯಲ್ಲಿ ಅವನನ್ನೇ ಕೇಳುತ್ತೇನೆ. ಹಾಡುವಾಗ ಮಾತ್ರ ಎಡಗಡೆಯ ಜಾಗ ಖಾಲಿ ಬಿಡುತ್ತಿದ್ದೆ. ಉಸಿರು ಮುಗಿದಲ್ಲಿ ನನ್ನ ದನಿ ನಿಲ್ಲುತ್ತಿತ್ತು. ಉಳಿದದ್ದು ಆ ಕಂಪ್ಯೂಟರಿನ ದನಿ. ಅದೂ ಹೋದರೆ ಅವಳು ಎರಡನೆಯ ಸಲ ಹೋದ ಹಾಗೆ ಎಂಬುದು ನನ್ನ ಭಯ.

ಅದೋ, ದಿನಕ್ಕೊಂದು ಕಾಟ ಕೊಡತೊಡಗಿತು. ಅವಳ ನಂತರ ಹಾಡು ಬರೆಯುವ ಕೆಲಸ ನನ್ನ ಮಗಳದು. ಒಂದು ಸಂಜೆ ಮಂದಿರದ ಹಿಂದಿನ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿದಳು.

"ಈ ವಾರ ಮೂರನೇ ಸಾಲು ನುಂಗಿ ಹಾಕಿದೆ. ಮೊನ್ನೆ ತೆರೆಯೋದಕ್ಕೇ ಒಪ್ಪಲಿಲ್ಲ. ಹಾಡೋ ಹೊಸ ತಂತ್ರಾಂಶ ಸಿಗುತ್ತೆ, ತಗೊಳ್ಳೋಣ ಅಪ್ಪ."

"ಹೊಸದರಲ್ಲಿ ನಿಮ್ಮಮ್ಮ ಹಾಡ್ತಾಳಾ?"

"ಇಲ್ಲ."

"ಮತ್ತೆ?"

ಅವಳು ಮಾವನ ಕಡೆ ನೋಡಿದಳು. ಅವನು ಕನ್ನಡಕ ಒರೆಸಿಕೊಂಡ. "ಭಾವ, ಅಕ್ಕನ ದನಿಯನ್ನ ಅದರಲ್ಲಿ ಒಂದು ರೀತಿ ಗಂಟು ಹಾಕಿಟ್ಟಿದ್ದೀನಿ. ಬಿಚ್ಚೋದು ಹೇಗೆ ಅಂತ ನನಗೇ ಗೊತ್ತಾಗ್ತಿಲ್ಲ. ತಲೆಯಲ್ಲಿ ಕೂದಲಿದ್ದಾಗ ಬರೆದದ್ದು."

"ಕೂದಲಿನ ಜೊತೆ ಬುದ್ಧಿನೂ ಉದುರಿತಾ?"

"ನಿಮ್ಮನೆಗೆ ಓಡಾಡಿಯೇ ಎರಡೂ ಸವೆದದ್ದು."

ಡ್ರೈವರು ನಗು ತಡೆದುಕೊಂಡು ಹೇಳಿದ: "ಹಳೇ ಬಸ್ಸು ನಾನೂ ಓಡಿಸಿದ್ದೀನಿ, ಯಜಮಾನ್ರೇ. ಪ್ರೀತಿ ಇರುತ್ತೆ. ಆದರೆ ದಾರಿ ಮಧ್ಯೆ ನಿಂತರೆ ಇಳಿದು ತಳ್ಳೋರು ಪ್ರಯಾಣಿಕರು."

"ಹೊಸದನ್ನ ನಾನೂ ಕೇಳಿದೆ," ಎಂದರು ಹೊಲಿಗೆಯಮ್ಮ. "ಕಂಠವೇನೋ ಚೆನ್ನಾಗಿದೆ. ಆದರೆ ಸಾಲುಸಾಲಿಗೂ ಉಸಿರೆಳೀತಾಳೆ ಕಣಮ್ಮ, ಮೆಟ್ಟಿಲು ಹತ್ತಿ ಬಂದವಳ ಹಾಗೆ."

ಪರೀಕ್ಷೆಗೆಂದು ಒಂದು ಹಾಡನ್ನು ಹೊಸದರಿಂದ ಕಲಿತು ಹಾಡಿದ್ದೂ ಆಯಿತು. ಅದು ಉಸಿರೆಳೆದಲ್ಲೇ ಎಲ್ಲರೂ ಎಳೆದರು. ಪ್ರತಿ ಸಾಲಿಗೂ ಮಂದಿರ ಮೌನವಾಗಿ, ಹಾಡು ತುಂಡು ತುಂಡಾಯಿತು. ನನಗೆ ಒಳಗೊಳಗೇ ಖುಷಿಯಾಯಿತು. "ನೋಡಿದಿರಲ್ಲ" ಎಂದೆ. ಮಗಳು ತಲೆ ತಗ್ಗಿಸಿ ಹಾಡಿನ ಹಾಳೆ ಮಡಚಿದಳು. ಅವಳ ತಾಯಿಯೂ ಸೋಲೊಪ್ಪದೆ ಸುಮ್ಮನಾಗುತ್ತಿದ್ದುದು ಹೀಗೆಯೇ. ವರ್ಷದ ನೆನಪಿನ ಪ್ರಾರ್ಥನೆ ಅಕ್ಕನಿಂದಲೇ ಆಗಲಿ, ತೀರ್ಮಾನ ಆಮೇಲೆ ಎಂದು ಎಲ್ಲರೂ ಒಪ್ಪಿದರು.

ಆ ಪ್ರಾರ್ಥನೆಯ ಹಾಡು ಬರೆಯಲು ಕೂತ ದಿನವೇ ಕಂಪ್ಯೂಟರು ಏಳಲಿಲ್ಲ. ಭಾವಮೈದುನ ಬಂದು ಅದರ ಹೊಟ್ಟೆ ಬಿಚ್ಚಿ, ಧೂಳು ಊದಿ, ಮಧ್ಯಾಹ್ನವೆಲ್ಲ ನೆಲದ ಮೇಲೆ ಕೂತಿದ್ದ. ಕೊನೆಗೆ ತಿರುಪುಗಳನ್ನು ಒಂದೊಂದಾಗಿ ಹಿಂದಕ್ಕೆ ಹಾಕಿ, "ಆಗಲ್ಲ ಭಾವ," ಎಂದ.

"ಹೊಸದರಿಂದಲೇ ಕಲಿಸ್ತೀನಿ," ಎಂದಳು ಮಗಳು.

"ಕಲಿಸು. ನಾನು ಹಾಡಲ್ಲ."

"ಹಾಡಬೇಡ. ಬಂದು ಕೂತ್ಕೋ, ಅಷ್ಟು ಸಾಕು."

ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಎಲ್ಲರೂ ನಿಂತರು. ಮಗಳು ಮುಂದೆ ನಿಂತು, ಮೆಲ್ಲಗೆ, ಅಂಗಡಿಗೆ ಹೋಗುವವರಿಗೆ ಸಾಮಾನು ನೆನಪಿಸುವ ಹಾಗೆ ಹೇಳಿದಳು: "ರಾಗ ಹೊಸದರಿಂದ ಕಲಿತಿದ್ದೀರಿ. ಉಸಿರು ಅಕ್ಕ ಕಲಿಸಿದ ಹಾಗೆ. ಜೋಡಿಗಳು ಹತ್ತಿರ ನಿಲ್ಲಿ."

ತೋಳಿಗೆ ತೋಳು ತಾಗಿತು. ಹಾಡು ಎದ್ದಿತು. ಮೊದಲ ಸಾಲು ಮುಗಿಯುವಲ್ಲಿ ನಾನು ಕಿವಿಗೊಟ್ಟು ಕಾದೆ, ಈಗ ಕಡಿಯುತ್ತದೆ ಎಂದು. ಕಡಿಯಲಿಲ್ಲ. ಎರಡನೆಯದೂ ದಾಟಿತು. ಹೊಲಿಗೆಯಮ್ಮ ಉಸಿರೆಳೆದಾಗ ಪಕ್ಕದ ನರ್ಸು ಹಿಡಿದಳು, ಅವಳು ಬಿಟ್ಟಾಗ ಇವರು. ದನಿ ಒಬ್ಬರಿಂದೊಬ್ಬರಿಗೆ ದಾಟುತ್ತ ಇಡೀ ಮಂದಿರ ಒಂದೇ ಕೊರಳಾಯಿತು. ಆ ಕಂಪ್ಯೂಟರಿಗೆ ಇದು ಎಂದೂ ಬಂದಿರಲಿಲ್ಲ. ಇದು ನನ್ನವಳದು. ನಡುವೆ "ಮಾ" ಎಂಬ ಅಕ್ಷರ ಬಂತು. ಹೊಸ ಯಂತ್ರದಲ್ಲಿ ಹ್ಯಾಂಗರಿಲ್ಲ. ಆದರೂ ಡ್ರೈವರನ ಜೇಬಿನಿಂದ ಟಣ್ ಎಂದಿತು.

ನಾನು ಎದ್ದು ನನ್ನ ಜಾಗಕ್ಕೆ ಹೋಗಿ ನಿಂತೆ. ಎಡಗಡೆ ಖಾಲಿಯೇ ಇತ್ತು. ಅರ್ಧ ಸಾಲು ಹಾಡುವಷ್ಟರಲ್ಲಿ ಉಸಿರು ಮುಗಿಯಿತು. ನಿಲ್ಲಿಸಬೇಕು ಎನ್ನುವಾಗ ತೋಳಿಗೆ ತೋಳೊಂದು ತಾಗಿ, ಎಡಗಡೆಯಿಂದ ದನಿ ಮುಂದುವರಿಯಿತು. ಅಪಸ್ವರವೇ. ಜೀವಮಾನದಲ್ಲಿ ಒಂದು ಸಾಲೂ ಹಾಡದ ಭಾವಮೈದುನ, ಉಸಿರನ್ನು ಕಸವೆಂದು ಎಸೆದವನು, ನನ್ನ ಉಸಿರಿಗೆ ಕಾವಲು ನಿಂತಿದ್ದ. ನಾನು ನಿಧಾನವಾಗಿ, ಎದೆ ತುಂಬ ಎಳೆದುಕೊಂಡೆ. ವರ್ಷದಿಂದ ಹಾಗೆ ಎಳೆದುಕೊಂಡಿರಲಿಲ್ಲ.

ಮುಂದಿನ ಸಭೆಯಲ್ಲಿ ಹೊಸದು ಬೇಕೆನ್ನುವವರು ಕೈ ಎತ್ತಿ ಎಂದಾಗ ಮೊದಲ ಕೈ ನನ್ನದು. "ಅಕ್ಕನಿಗೆ ವಿಶ್ರಾಂತಿ ಕೊಡೋಣ. ಬೇಕಾದಷ್ಟು ದುಡಿದಿದ್ದಾಳೆ," ಎಂದೆ. ಮಗಳು ಆ ಕಡೆ ಮುಖ ತಿರುಗಿಸಿ ಕುರ್ಚಿ ಜೋಡಿಸತೊಡಗಿದಳು. ಕಂಪ್ಯೂಟರನ್ನು ಮನೆಗೆ ತಂದು ಬಟ್ಟೆಯ ಬೀರುವಿನಲ್ಲಿ, ಅವಳ ಕೋಟಿನ ಕೆಳಗೆ ಇಟ್ಟಿದ್ದೇನೆ.

ಕಳೆದ ವಾರ ದೂರದಿಂದ ಬಂದ ಹಾಡುಗಾರರೊಬ್ಬರು ಪ್ರಾರ್ಥನೆ ಮುಗಿದ ಮೇಲೂ ಬಾಗಿಲಲ್ಲಿ ನಿಂತಿದ್ದರು. "ಇದನ್ನ ನಿಮಗೆಲ್ಲ ಕಲಿಸಿದ್ದು ಯಾರು?" ಎಂದು ಕೇಳಿದರು.

"ಅಕ್ಕ," ಎಂದ ಡ್ರೈವರು, ಪಕ್ಕದ ಓಣಿಯ ಯಾರನ್ನೋ ತೋರಿಸುವ ಹಾಗೆ.

"ನನ್ನ ಹೆಂಡತಿ," ಎಂದೆ ನಾನು.